ಮೂರನೇ ಸ್ಕ್ರೂ

ಕೈಗವಸಿನೊಳಗಿದ್ದ ನನ್ನ ಅಂಗೈಯ ಬಿಸಿಗೆ ಸ್ಕ್ರೂ ಒದ್ದೆಯಾಗತೊಡಗಿತು.

ಒಂದು ನಿಮಿಷದ ಹಿಂದೆ ಅದರ ಥ್ರೆಡ್ಡಿನ ಸಂದಿಯಲ್ಲಿ ಬಿಳಿ ಮೇಣದಂಥದ್ದು ಗಟ್ಟಿಯಾಗಿ ಕೂತಿತ್ತು. ಈಗ ಅದು ಕರಗಿ, ಎಣ್ಣೆಯಾಗಿ ಗವಸಿನ ಮೇಲೆ ಹರಡಿತು.

"ಗ್ರೀಸ್," ಎಂದ ಎದುರಿಗೆ ಕಾವಲು ಕೂತಿದ್ದ ಶೆರಿಫ್ ಕಚೇರಿಯ ಡೆಪ್ಯುಟಿ, ಗಡಿಯಾರ ನೋಡುತ್ತ. "ಲ್ಯಾಬ್ ವರದಿಯಲ್ಲೂ ಅದೇ ಇದೆ, ಮ್ಯಾಮ್."

ನಾನು ಸ್ಕ್ರೂವನ್ನು ಮೂಗಿನ ಹತ್ತಿರ ತಂದೆ. ಎರಡು ತಿಂಗಳು ಪ್ಲಾಸ್ಟಿಕ್ ಚೀಲದಲ್ಲಿದ್ದರೂ ವಾಸನೆ ಹೋಗಿರಲಿಲ್ಲ. ನಗು ಬಂತು.

ತೆಂಗಿನೆಣ್ಣೆ.

ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ ಎಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಜನವರಿಯಲ್ಲಿ ತಲೆಗೆ ಹಚ್ಚಿಕೊಳ್ಳಲು ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟು ಕಾದವರಿಗೆಲ್ಲ ಗೊತ್ತು. ನಾರ್ತ್ ಕೆರೊಲಿನಾದ ಈ ಸಣ್ಣ ಊರಿನ ಕೋರ್ಟಿನ ನೆಲಮಾಳಿಗೆಯಲ್ಲಿ ಹಾಗೆ ಕಾದವಳು ನಾನೊಬ್ಬಳೇ ಇದ್ದಿರಬೇಕು.

ನನ್ನ ಹೆಸರು ವಿದ್ಯಾವತಿ. ಹತ್ತೊಂಬತ್ತು ವರ್ಷ ಅಟ್ಲಾಂಟಾದ ಲ್ಯಾಬ್ ಒಂದರಲ್ಲಿ ಬಂದೂಕುಗಳ ಮೇಲಿನ ಗೀರು, ತೂತು, ಉಜ್ಜಿದ ಗುರುತು ನೋಡಿ ನೋಡಿ ಬೇಸತ್ತು, ಈಗ ಆರೋಪಿಗಳ ವಕೀಲರ ಪರವಾಗಿ ಅದೇ ಕೆಲಸ ಮಾಡುತ್ತೇನೆ. ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಈಗ ಇಲ್ಲ. ಅಷ್ಟೇ ವ್ಯತ್ಯಾಸ.

ಮೇಜಿನ ಮೇಲಿದ್ದ ರೈಫಲ್ ನೂರು ವರ್ಷದ ಹಿಂದಿನದು. ಹಿಡಿಯ ಕೆಳಗಿನ ಲಿವರನ್ನು ಕೆಳಕ್ಕೆಳೆದು ಮೇಲೆ ತಂದರೆ ತೋಟಾ ತನ್ನ ಗೂಡಿಗೆ ಏರುವ, ಜಿಂಕೆ ಬೇಟೆಯ ಹಳೇ ಕಾಲದ ಜಾತಿ. ನವೆಂಬರ್ ಹದಿನೆಂಟರ ಬೆಳಗ್ಗೆ ರೋನೋಕ್ ನದಿಯ ಹತ್ತಿರದ ಕಾಡಿನಲ್ಲಿ ಇದರ ಮಾಲೀಕ ಕೃಷ್ಣಪ್ರಸಾದ, ಎಲ್ಲರ ಬಾಯಲ್ಲಿ ಕೆಪಿ, ಇದನ್ನು ಹೆಗಲಿಗೆ ಕೊಟ್ಟು, ಜಿಂಕೆಗೆ ಗುರಿಯಿಟ್ಟು, ಟ್ರಿಗರ್ ಒತ್ತಿದ. ಜಿಂಕೆ ಓಡಿಹೋಯಿತು. ನಳಿಗೆ ಬಿರಿದು, ಅದರ ಮೇಲೆ ಕೂರಿಸಿದ್ದ ಸೈಟ್, ಎಂದರೆ ಗುರಿ ನೋಡುವ ಉಕ್ಕಿನ ತುಂಡು, ಹಿಂದಕ್ಕೆ ಹಾರಿ ಅವನ ಬಲಗಣ್ಣಿನ ಮೇಲೆ ಹೊಕ್ಕಿತು. ಆಂಬ್ಯುಲೆನ್ಸ್ ಬರುವ ಮುಂಚೆಯೇ ಜೀವ ಹೋಗಿತ್ತು.

ಈ ರೈಫಲ್ಲಿನ ತುಕ್ಕು ತೆಗೆದು, ಮರಕ್ಕೆ ಎಣ್ಣೆ ಕುಡಿಸಿ, ಹೊಸ ಸೈಟ್ ಕೂರಿಸಿಕೊಟ್ಟವನು ವರ್ಜೀನಿಯಾದ ಆಶ್‌ಬರ್ನಿನ ಶಶಿಕಾಂತ್. ಡೇಟಾ ಸೆಂಟರಿನಲ್ಲಿ ಕೆಲಸ, ವರ್ಕ್ ವೀಸಾ, ಮನೆಯ ಬೇಸ್‌ಮೆಂಟಿನಲ್ಲಿ ಪುಟ್ಟ ವರ್ಕ್‌ಶಾಪ್. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಇದೇ ಕಟ್ಟಡದ ಮೇಲಂತಸ್ತಿನಲ್ಲಿ ಅವನು ತಪ್ಪೊಪ್ಪಿಗೆಗೆ ಸಹಿ ಹಾಕಲಿದ್ದ. ಹಾಕಿದರೆ ಎರಡು ವರ್ಷ ಜೈಲು, ಆಮೇಲೆ ಗಡೀಪಾರು, ಮತ್ತೆ ಈ ದೇಶಕ್ಕೆ ಕಾಲಿಡುವಂತಿಲ್ಲ. ಇವತ್ತು ಶುಕ್ರವಾರ.

ಆ ಸೈಟಿಗೆ ಮೂರು ತೂತುಗಳಿದ್ದವು. ಮುಂದಿನ ಎರಡರ ಕೆಳಗೆ ದಪ್ಪ ಉಕ್ಕು. ಹಿಂದಿನ ಮೂರನೆಯದರ ಕೆಳಗೆ ತೋಟಾ ಸಿಡಿಯುವ ಗೂಡು. ಅದರ ಮೇಲೆ ಕೊರೆಯಬೇಡಿ ಎಂದು ಈ ಕೆಲಸ ಕಲಿಯುವವರಿಗೆ ಮೊದಲ ದಿನವೇ ಹೇಳುತ್ತಾರೆ. ಎರಡು ಸ್ಕ್ರೂ ಬಿಗಿದು ಮೂರನೇ ತೂತನ್ನು ಖಾಲಿ ಬಿಡಬೇಕು. ಇಲ್ಲಿ ಮೂರನೆಯದರ ಮೂಲಕವೂ ನಳಿಗೆಯನ್ನು ಕೊರೆದು ಸ್ಕ್ರೂ ಹಾಕಲಾಗಿತ್ತು. ಗೂಡಿನ ನೆತ್ತಿಯ ಮೇಲೆ ಒಂದು ಮಿಲಿಮೀಟರ್ ಉಕ್ಕೂ ಉಳಿದಿರಲಿಲ್ಲ.

"ಮೂರನ್ನೂ ನಾನೇ ಕೊರೆದೆ," ಎಂದು ಶಶಿಕಾಂತ್ ಮೊದಲ ದಿನವೇ ಹೇಳಿಕೆ ಕೊಟ್ಟುಬಿಟ್ಟಿದ್ದ. ಒಪ್ಪಿಕೊಂಡವನ ಮೇಲೆ ಇನ್ನೇನು ತನಿಖೆ? ಶೆರಿಫ್ ಕಡೆಯವರು ಫೈಲ್ ಮುಚ್ಚಿಟ್ಟಿದ್ದರು. ನನ್ನನ್ನು ಕರೆಸಿದ್ದು ಅವನ ಹೆಂಡತಿ ನಮ್ರತಾ, ಗಂಡನ ಜೊತೆ ಜಗಳವಾಡಿ.

ಮುಂದಿನ ಎರಡು ಸ್ಕ್ರೂ ತೆಗೆದು ನೋಡಿದೆ. ಅವುಗಳಲ್ಲಿ ಇದ್ದದ್ದು ಉಕ್ಕು ಕೊರೆಯುವಾಗ ಬಿಡುವ ಕಪ್ಪಗಿನ ಕಟಿಂಗ್ ಆಯಿಲ್. ಒಂದೇ ದಿನ, ಒಂದೇ ಕೈ, ಎರಡು ತೂತಿಗೆ ಒಂದು ಎಣ್ಣೆ, ಮೂರನೆಯದಕ್ಕೆ ಇನ್ನೊಂದು ಎಣ್ಣೆ ಹಾಕುವುದಿಲ್ಲ.

ಭೂತಕನ್ನಡಿ ಹಿಡಿದು ನಳಿಗೆಗೆ ಬಗ್ಗಿದೆ. ಸಿಡಿತ ಒಂದು ಪಕ್ಕಕ್ಕೆ ಹರಿದಿದ್ದರಿಂದ ಮೂರನೇ ತೂತಿನ ಅರ್ಧ ಅಂಚು ಹಾಗೇ ಉಳಿದಿತ್ತು. ಆ ಅಂಚಿನ ಸುತ್ತ ಎಳೆಯಷ್ಟು ತುಕ್ಕು, ತುಕ್ಕಿನಲ್ಲಿ ಕಚ್ಚಿಕೊಂಡ ಬೂದುಬಣ್ಣದ ಪುಡಿ. ಸ್ವಲ್ಪ ಮುಂದೆ ನಳಿಗೆಗೆ ಅಡ್ಡಲಾಗಿ ಬೆರಳಗಲದ ಮೂರು ಮಾಸಲು ಪಟ್ಟೆ.

"ಸ್ವಚ್ಛಗೊಳಿಸುವ ಪುಡಿಯ ಶೇಷ ಅಂತ ಬರೆದಿದ್ದಾರೆ," ಎಂದ ಡೆಪ್ಯುಟಿ.

"ಒಳ್ಳೇದು. ಹಾಗೇ ಇರಲಿ," ಎಂದೆ.

ವಿಭೂತಿ! ಒದ್ದೆ ಬೆರಳಲ್ಲಿ ಹಚ್ಚಿದ ವಿಭೂತಿ. ಸೈಟಿನ ಖಾಲಿ ತೂತಿನೊಳಗೂ ಆ ಬೂದಿನೀರು ಇಳಿದು, ಕೆಳಗಿನ ನಳಿಗೆಯ ಮೇಲೆ ನಿಂತು ಉಕ್ಕನ್ನು ಕಚ್ಚಿತ್ತು. ನಳಿಗೆಯನ್ನು ಆಗಲೇ ಕೊರೆದಿದ್ದರೆ ಬೂದಿ ಥ್ರೆಡ್ಡಿನ ಒಳಕ್ಕೆ ಇಳಿಯಬೇಕಿತ್ತು. ಒಳಗೆ ಒಂದು ಕಣವೂ ಇರಲಿಲ್ಲ. ಎಂದರೆ ವಿಭೂತಿ ಮೊದಲು, ತೂತು ಆಮೇಲೆ.

ಪಾರ್ಕಿಂಗಿನಿಂದಲೇ ನಮ್ರತಾಗೆ ಫೋನ್ ಮಾಡಿದೆ.

"ಮನೇಲಿ ಗನ್ನಿಗೆ ಪೂಜೆ ಮಾಡಿದ್ರಾ?"

"ಹೂಂ ಆಂಟಿ, ಆಯುಧ ಪೂಜೆಗೆ. ಮಾವ, ಶಶಿ ತಂದೆ, ಆಗ ಇಲ್ಲೇ ಇದ್ರಲ್ಲ, ಅವ್ರೇ ಎಲ್ಲಾದಕ್ಕೂ ವಿಭೂತಿ ಹಚ್ಚಿದ್ರು. ಡ್ರಿಲ್ಲಿಗೆ, ಲ್ಯಾಪ್‌ಟಾಪಿಗೆ, ನನ್ನ ಕಾರಿಗೆ, ಡಿಶ್‌ವಾಶರ್‌ಗೂ."

"ಫೋಟೋ ಇದ್ಯಾ?"

"ಗನ್ ಇತ್ತಲ್ಲ, ಶಶಿ ತೆಗೆಯೋಕೆ ಬಿಡ್ಲಿಲ್ಲ. ವೀಸಾ ಮೇಲಿರೋರು ಅಂಥಾ ಫೋಟೋ ಇಟ್ಕೋಬಾರ್ದು ಅಂತ."

"ಯಾವತ್ತು?"

"ಅಕ್ಟೋಬರ್ ಟ್ವೆಂಟಿ ಥರ್ಡ್, ಮಂಡೇ. ಮಾರನೇ ದಿನ ಬೆಳಗ್ಗೆ ಐದು ಗಂಟೆಗೇ ಶಶಿ ಆಫೀಸ್ ಕೆಲಸಕ್ಕೆ ಅಟ್ಲಾಂಟಾಗೆ ಹೊರಟ. ವಾಪಸ್ ಬಂದಿದ್ದು ನವೆಂಬರ್ ಸೆಕೆಂಡ್."

"ಗನ್ ಯಾವಾಗ ಹೋಯ್ತು?"

"ಪೂಜೆ ವಾರಾನೇ, ಗುರುವಾರ. ಕೆಪಿ ಅಂಕಲ್ ಮನೆಯವರು ಪಿಕ್ ಅಪ್ ಮಾಡ್ಕೊಂಡು ಹೋದ್ರು. ನಾನು ಆಫೀಸಲ್ಲಿದ್ದೆ, ಮಾವ ಕೊಟ್ಟು ಕಳಿಸಿದ್ರು. ಯಾಕೆ ಆಂಟಿ?"

"ನಾಳೆ ಬೆಳಗ್ಗೆ ಎಂಟಕ್ಕೆ ಬರ್ತೀನಿ. ಅವನಿಗೆ ಹೇಳ್ಬೇಡ."

ಅಲ್ಲಿಂದ ಉತ್ತರಕ್ಕೆ ಮೂರೂವರೆ ಗಂಟೆಯ ದಾರಿ. ಲಾರಿಗಳ ಹಿಂದೆ ತೆವಳುತ್ತ ಲೆಕ್ಕ ಹಾಕಿದೆ. ಪೂಜೆಯ ಮೇಲೆ ಮೂರು ದಿನ ಗನ್ ಶಶಿಕಾಂತನ ಮನೆಯಲ್ಲಿ, ಆಮೇಲೆ ಮೂರು ವಾರ ಶ್ಯಾಂಟಿಲಿಯ ಕೃಷ್ಣಪ್ರಸಾದನ ಮನೆಯಲ್ಲಿ. ಆ ಮೂರು ವಾರ ಅದರ ಹತ್ತಿರ ಸುಳಿಯಬಲ್ಲವರು ಇಬ್ಬರು.

ಒಬ್ಬ ರವಿಶಂಕರ್, ಕೃಷ್ಣಪ್ರಸಾದನ ಕಂಪನಿಯ ಪಾಲುದಾರ. ಸಾವಿನ ನಂತರ ಇಡೀ ಕಂಪನಿ ಅವನ ಕೈಗೆ ಬಂದಿದೆ. ಗ್ಯಾರೇಜಿನಲ್ಲಿ ಒಳ್ಳೆಯ ಡ್ರಿಲ್ ಮಿಷಿನ್ ಇದೆ. ಮಾತಿಗೊಮ್ಮೆ "ಟು ಬಿ ಆನೆಸ್ಟ್" ಎನ್ನುತ್ತಾನೆ, ಹಾಗನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಆದರೆ ಅವನ ಗ್ಯಾರೇಜನ್ನು ನಾನು ಮೂಲೆಮೂಲೆ ನೋಡಿದ್ದೇನೆ. ಕಟಿಂಗ್ ಆಯಿಲ್ಲೇ ನಾಲ್ಕು ಬಗೆ ಇಟ್ಟಿರುವ ಮನುಷ್ಯ ಅಡುಗೆಮನೆಗೆ ಹೋಗಿ ತೆಂಗಿನೆಣ್ಣೆ ತರುವುದಿಲ್ಲ.

ಇನ್ನೊಬ್ಬಳು ಹೆಂಡತಿ ಶ್ರೀಲತಾ. ಹದಿನೈದು ದಿನದ ಹಿಂದೆ ಹೋಗಿ ಮಾತಾಡಿಸಿದ್ದೆ. ಮೈಸೂರಿನವಳು, ತೂಕದ ಮಾತು, ಅತ್ತು ಅತ್ತು ಬತ್ತಿದ ಕಣ್ಣು. "ಗನ್ ಅಂದ್ರೆ ನಂಗೆ ನೋಡೋಕೂ ಭಯ ವಿದ್ಯಾ, ಮನೇಲಿದ್ದಾಗ ಆ ರೂಮಿಗೇ ಹೋಗ್ತಿರಲಿಲ್ಲ," ಎಂದಿದ್ದಳು. ಶಶಿಕಾಂತ್ ನನ್ನ ಮಗನ ಹಾಗೆ, ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಕೊಡಿ ಎಂದು ಕೋರ್ಟಿಗೆ ಕಾಗದ ಬರೆದವಳೂ ಅವಳೇ. ಆ ಔದಾರ್ಯವನ್ನು ಕನ್ನಡ ಕೂಟದವರೆಲ್ಲ ಹೊಗಳಿದ್ದರು. ಅಸ್ಥಿ ಬಿಡಲು ಊರಿಗೆ ಹೊರಟಿದ್ದಳು.

ಇಬ್ಬರಿಗೂ ತೆಂಗಿನೆಣ್ಣೆ ಹೊಂದುತ್ತಿರಲಿಲ್ಲ. ಥ್ರೆಡ್ ಹಾಕುವಾಗ ತೆಂಗಿನೆಣ್ಣೆ ಬಿಡುವುದು ನಮ್ಮ ಕಡೆಯ ಹಳೆಯ ಫಿಟ್ಟರುಗಳ ರೂಢಿ. ಲೆಕ್ಕದಲ್ಲಿ ಅಂಥ ಕೈ ಒಂದೇ ಇತ್ತು, ಪೂಜೆಯ ದಿನ ಡ್ರಿಲ್ಲಿಗೆ ವಿಭೂತಿ ಹಚ್ಚಿದ ಕೈ. ಆ ಉತ್ತರ ನನಗೆ ಬೇಡವಾಗಿತ್ತು.

ಶನಿವಾರ ಬೆಳಗ್ಗೆ ನಮ್ರತಾ ಬಾಗಿಲು ತೆರೆದಳು. ಎರಡು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾದ ಮುಖ. ಕೆಳಗೆ, ಬೇಸ್‌ಮೆಂಟಿನ ಮೇಜಿನ ಮುಂದೆ ಶಶಿಕಾಂತ್ ಕೂತಿದ್ದ. ಜಾಮೀನಿನ ಮೇಲಿರುವವರು ಎಲ್ಲಿದ್ದಾರೆಂದು ತೋರಿಸಲು ಕಟ್ಟುವ ಪುಟ್ಟ ಕಪ್ಪು ಪೆಟ್ಟಿಗೆ ಕಾಲಿನಲ್ಲಿತ್ತು. ಮುಂದೆ ವಕೀಲರು ಕಳಿಸಿದ ಕಾಗದಗಳ ಕಟ್ಟು.

"ಬನ್ನಿ ಆಂಟಿ. ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬರೋದು ಬೇಡಾಗಿತ್ತು. ಸೈನ್ ಮಾಡ್ತೀನಿ ಅಂತ ಲಾಯರ್‌ಗೆ ಹೇಳಿ ಆಯ್ತು."

"ಮೂರನೇ ತೂತು ಯಾವತ್ತು ಕೊರೆದೆ?"

"ಅದೇ, ಸೈಟ್ ಕೂರಿಸಿದಾಗ. ಅಕ್ಟೋಬರ್ ಮಿಡಲ್‌ನಲ್ಲಿ."

"ಮೂರೂ ಒಟ್ಟಿಗೆ?"

"ಹೂಂ."

"ಸುಳ್ಳು. ಪೂಜೆ ದಿನ ಆ ತೂತು ಇರಲಿಲ್ಲ. ವಿಭೂತಿ ಅದರ ಸುತ್ತ ಇದೆ, ಒಳಗಿಲ್ಲ. ನಿನ್ನೆ ನನ್ನ ಕಣ್ಣಾರೆ ನೋಡಿ ಬಂದಿದೀನಿ."

ಅವನು ಕಾಗದಗಳನ್ನು ಸರಿಪಡಿಸಿದ. ಸರಿಪಡಿಸುವಂಥದ್ದೇನೂ ಇರಲಿಲ್ಲ.

"ಹಾಗಾದ್ರೆ ಪೂಜೆ ಆದ್ಮೇಲೆ ಇರ್ಬೇಕು. ಅವತ್ತೇ ಸಂಜೆ. ಮರೆತಿದ್ದೆ."

"ಅವತ್ತೇ ಸಂಜೆ? ಪೂಜೆಗಿಟ್ಟ ಡ್ರಿಲ್ ತಗೊಂಡು?"

ಅವನು ಡ್ರಿಲ್ಲಿನ ಕಡೆ ನೋಡಿದ.

"ಹೂವು ಮುಡಿಸಿದ ಮಿಷಿನ್ನು. ಮನೇಲಿ ನಿಮ್ಮ ತಂದೆಯವರು. ಮಾರನೇ ದಿನದವರೆಗೆ ಅವರು ನಿನಗೆ ಒಂದು ಸ್ಪ್ಯಾನರ್ ಎತ್ತೋಕೆ ಬಿಟ್ಟಿದ್ದಾರು ಅಂತ ನಾನು ನಂಬಬೇಕಾ?"

"ಮಿಕ್ಸಿ ಹಾಕೋಕೂ ಬಿಡ್ಲಿಲ್ಲ ಅವತ್ತು," ಎಂದಳು ನಮ್ರತಾ ಮೆಟ್ಟಿಲ ಮೇಲಿಂದ. "ಚಟ್ನಿ ಇಲ್ದೇ ದೋಸೆ ತಿಂದ್ವಿ."

"ನೀನು ಮೇಲೆ ಹೋಗು ನಮ್ಮು."

"ಹೋಗಲ್ಲ."

ನಾನು ಮೇಜಿನ ಮೇಲಿದ್ದ ಎಣ್ಣೆ ಡಬ್ಬಿ ಎತ್ತಿ ನೋಡಿದೆ. "ಥ್ರೆಡ್ ಹಾಕುವಾಗ ಇದನ್ನೇ ಹಾಕ್ತೀಯಾ?"

"ಯಾವಾಗಲೂ."

"ಮೂರನೇ ಸ್ಕ್ರೂನಲ್ಲಿ ಇದಿಲ್ಲ. ತೆಂಗಿನೆಣ್ಣೆ ಇದೆ."

ಅವನು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಕೆಳಗಿಟ್ಟ. ಮೆಟ್ಟಿಲ ಮೇಲೆ ನಮ್ರತಾ ಕಂಬಿ ಹಿಡಿದುಕೊಂಡು ಕೂತುಬಿಟ್ಟಳು.

"ನನ್ನ ಕೊಬ್ರಿ ಎಣ್ಣೆ ಬಾಟ್ಲು," ಎಂದಳು ನಿಧಾನವಾಗಿ. "ಇಲ್ಲಿ ಕೆಳಗೆ ಸಿಕ್ಕಿತ್ತು. ಮಾವ ತಲೆಗೆ ಹಚ್ಕೊಳ್ಳೋಕೆ ತಗೊಂಡಿರ್ಬೇಕು ಅಂದ್ಕೊಂಡೆ. ಮಾವನಿಗೆ ತಲೇಲಿ ಕೂದಲೇ ಇಲ್ಲ ಶಶಿ."

ಯಾರೂ ನಗಲಿಲ್ಲ.

ಶಶಿಕಾಂತ್ ತನ್ನ ಕೈಗಳನ್ನು ನೋಡಿಕೊಂಡ. ಮಾತಾಡಿದಾಗ ದನಿ ತನ್ನ ಊರು ಹುಬ್ಬಳ್ಳಿಗೆ ಹೋಗಿತ್ತು.

"ಶೆರಿಫ್ ಆಫೀಸಿನ್ಯಾಗ ಫೋಟೋ ತೋರಿಸಿದ್ರು. ನೋಡಿದ ಕೂಡ್ಲೇ ಗೊತ್ತಾತು. ಸ್ಕ್ರೂ ತಲಿ ಮ್ಯಾಲಿನ ಗೆರಿ ನಳಿಗಿಗೆ ನೆಟ್ಟಗ ಬರೂಹಂಗ ಅರದಿದ್ದು. ಅಪ್ಪಾಜಿ ಬಿಟ್ರ ಯಾರೂ ಅಷ್ಟು ನಾಜೂಕು ಮಾಡೂದಿಲ್ಲ. ನಲವತ್ತೊಂದು ವರ್ಷ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟ್ಟರ್ ಇದ್ರು. ಅವರು ಮಾಡಿದ್ದು ಒಂದು ಕೆಲಸ ವಾಪಸ್ ಬಂದಿದ್ದಿಲ್ಲ."

"ಆ ಖಾಲಿ ತೂತಿನ ಬಗ್ಗೆ ಮುಂಚೆ ಏನಾದ್ರೂ ಹೇಳಿದ್ರಾ?"

"ಮೂರು ತೂತು ಮಾಡಿ ಎರಡ ಸ್ಕ್ರೂ ಯಾಕ ಅಂತ ಎರಡು ಸಲ ಕೇಳಿದ್ರು. ನಾ ಕೆಲಸದ ಗಡಿಬಿಡ್ಯಾಗ ನಕ್ಕು ಬಿಟ್ಟೆ. ಕೆಳಗ ಏನೈತಿ ಅಂತ ಹೇಳ್ಲಿಲ್ಲ. ಒಂದು ಮಾತು ಹೇಳಿದ್ರ ಮುಗೀತಿತ್ತು ಆಂಟಿ. ಹಂಗಾಗಿ ತಪ್ಪು ನನ್ನದ."

"ಅವರು ಹುಬ್ಬಳ್ಳಿಯಲ್ಲಿದಾರೆ. ಅಲ್ಲಿಗೆ ಹೋಗಿ ಯಾರೂ ಹಿಡಿಯಲ್ಲ. ಕೋರ್ಟಿನಲ್ಲಿ ನಿಜ ಹೇಳಿದರೆ ಅವರಿಗೇನಾಗುತ್ತೆ?"

"ಅವರಿಗೆ ಗೊತ್ತಾಗ್ತದ," ಎಂದ ಶಶಿಕಾಂತ್. "ತಮ್ಮ ಕೈಯಿಂದ ಒಬ್ಬ ಮನುಷ್ಯಾ ಸತ್ತ ಅಂತ. ಆಮ್ಯಾಲೆ ಅವರು ಉಳಿಯೂದಿಲ್ಲ."

"ಈಗ ಏನಂತ ಹೇಳಿದೀಯ?"

"ಕೆಪಿ ಅಂಕಲ್‌ಗೆ ಹಾರ್ಟ್ ಅಟ್ಯಾಕ್ ಆತು ಅಂತ."

"ನಿನ್ನ ಕೇಸು?"

"ಅವರಿಗೆ ಗೊತ್ತಿಲ್ಲ. ಜೈಲಿಗೆ ಹೋದ್ರೆ..." ಅವನು ಹೆಂಡತಿಯ ಕಡೆ ನೋಡಿದ.

"ಎರಡು ವರ್ಷ ಸರ್ಕಾರಿ ಪ್ರಾಜೆಕ್ಟ್, ಫೋನ್ ಅಲೋ ಮಾಡಲ್ಲ ಅಂತ ಹೇಳೋಣ ಅಂದಿದಾನೆ," ಎಂದಳು ನಮ್ರತಾ. "ವಾರಕ್ಕೊಂದ್ಸಲ ನಾನು ಫೋನ್ ಮಾಡಿ ಚೆನ್ನಾಗಿದಾನೆ ಅನ್ನಬೇಕಂತೆ."

ನನಗೆ ಕೆಂಡದಂಥ ಸಿಟ್ಟು ಬಂತು. ನಮ್ಮ ಜನರ ಈ ಚಾಳಿ ನನಗೆ ಹೊಸದಲ್ಲ. ನನ್ನ ತಾಯಿ ತೀರಿಕೊಂಡದ್ದನ್ನು ನನ್ನ ಪರೀಕ್ಷೆ ಮುಗಿಯಲಿ ಎಂದು ಹನ್ನೊಂದು ದಿನ ನನ್ನಿಂದ ಮುಚ್ಚಿಟ್ಟಿದ್ದರು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂತು. ಮುಚ್ಚಿಟ್ಟವರನ್ನು ನಾನು ಇನ್ನೂ ಕ್ಷಮಿಸಿಲ್ಲ.

"ಅಂದರೆ ಯಾಕೆ ಕೊರೆದ್ರಿ ಅಂತ ಅವರನ್ನ ನೀನು ಕೇಳೇ ಇಲ್ಲ?"

"ಕೇಳೋದೇನಿದೆ ಆಂಟಿ? ಖಾಲಿ ತೂತು ನೋಡಿ ಅವರಿಗೆ ತಡ್ಕೊಳ್ಳೋಕಾಗ್ಲಿಲ್ಲ."

"ನಲವತ್ತೊಂದು ವರ್ಷದ ಫಿಟ್ಟರ್. ತನ್ನದಲ್ಲದ ಸಾಮಾನು. ಮಗ ಬೇಕಂತಲೇ ಬಿಟ್ಟ ತೂತು. ಎಷ್ಟು ಆಳ ಹೋಗಬಹುದು, ಕೆಳಗೇನಿದೆ ಅಂತ ಯಾರನ್ನೂ ಕೇಳದೆ ಡ್ರಿಲ್ ಹಿಡಿಯೋ ಮನುಷ್ಯನಾ ನಿಮ್ಮಪ್ಪ?"

ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದ.

"ಅಲ್ಲ," ಎಂದ. "ಅಳತಿ ಇಲ್ದ ಅವರು ಚಾಕ್ಲೇಟ್ ಕವರೂ ಕತ್ತರಿಸಂಗಿಲ್ಲ."

"ಹಾಗಾದರೆ ಅಳತೆ ಯಾರು ಕೊಟ್ರು? ಫೋನ್ ಮಾಡು."

"ಮಾಡಂಗಿಲ್ಲ."

ನಾನು ಅವನ ವಕೀಲರ ಪರವಾಗಿ ದುಡಿಯುವವಳು. ಅವನು ಬೇಡ ಎಂದರೆ ನನ್ನ ವಿಭೂತಿ, ತೆಂಗಿನೆಣ್ಣೆ ಎಲ್ಲ ನನ್ನ ಚೀಲದಲ್ಲೇ ಉಳಿಯಬೇಕು. ಅದು ಅವನಿಗೂ ಗೊತ್ತಿತ್ತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ವೀಡಿಯೊ ಕಾಲ್ ರಿಂಗಾಗುವ ಸದ್ದು ಕೇಳಿಸಿತು.

"ನಮ್ಮು, ಬೇಡ!"

"ಅಪ್ಪಾಜಿ ಮನಸ್ಸಿಗೆ ನೋವಾಗ್ಬಾರ್ದು. ಸರಿ. ನಂಗೆ?" ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಏನೂ ಹೇಳಲ್ಲ ಅವರಿಗೆ. ಕೇಳ್ತೀನಿ ಅಷ್ಟೇ."

ಅಲ್ಲಿ ಸಂಜೆ ಏಳು ದಾಟಿತ್ತು. ಬೋಳು ತಲೆ, ಹಣೆಯ ಮೇಲೆ ವಿಭೂತಿ, ಕಿವಿಗೆ ತೀರ ಹತ್ತಿರ ಹಿಡಿದ ಫೋನು. ಶಶಿಕಾಂತನ ತಂದೆ ಗುರುಶಾಂತಪ್ಪನವರ ಅರ್ಧ ಮುಖ ತೆರೆಯ ತುಂಬ ಬಂತು. ನಮ್ರತಾ ಕಣ್ಣೊರೆಸಿಕೊಂಡು ಕೆಳಗೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟಳು.

"ಮಾವ, ಇವ್ರು ವಿದ್ಯಾ ಆಂಟಿ ಅಂತ. ಇವರೂ ಗನ್ ಕೆಲಸ ಮಾಡ್ತಾರೆ. ನಿಮ್ಮ ಕೈಕೆಲಸ ನೋಡಿದ್ರಂತೆ."

"ನಮಸ್ಕಾರ," ಎಂದೆ. ದನಿ ಹಗುರವಾಗಿಡಲು ಕಷ್ಟವಾಯಿತು. "ಆ ಮೂರನೇ ಸ್ಕ್ರೂ ನೋಡಿದೆ. ಎಷ್ಟು ನೀಟಾಗಿ ಕೂರಿಸಿದೀರ."

ಮುದುಕರ ಮುಖ ಅರಳಿತು. "ಹೌದೇನ್ರಿ? ಅಲ್ಲಿ ಸಾಮಾನು ಎಲ್ಲಾ ಸಣ್ಣವು ನೋಡ್ರಿ, ನಮಗ ಗಾಲಿ ಬೋಲ್ಟ್ ತಿರುವಿದ ಕೈ. ಆದ್ರೂ ಬಂತ್ರಿ. ಮೊದಲ ನಾನೂ ಒಲ್ಲೆ ಅಂದಿದ್ದೆ. ಶಶಿ ತೂತು ಬಿಟ್ಟಾನಂದ್ರ ಏನರ ಕಾರಣ ಇರ್ತೈತಿ ಅಂತ ಕೈ ಹಚ್ಚಿದ್ದಿಲ್ಲ."

"ಆಮೇಲೆ?"

"ಆಮ್ಯಾಲೆ ಆ ಶ್ರೀಲತಾ ಬಾಯಾರು ಬಂದ್ರಲ್ರಿ, ಗನ್ ಒಯ್ಯಾಕ. ಸೈಟು ಅಲಗ್ಯಾಡತೈತಿ, ಇನ್ನೊಂದು ಸ್ಕ್ರೂ ಹಾಕಿ ಕೊಡ್ರಿ, ಶಶಿಗೆ ಫೋನ್ ಮಾಡಿ ಕೇಳೇನಿ, ಅವನೂ ಹೂಂ ಅಂದಾನ ಅಂದ್ರು. ಎಷ್ಟು ಆಳ ಅಂತ ಕೇಳಿದೆ ನಾನು, ಹಂಗ ಬಿಡೂ ಪೈಕಿ ಅಲ್ಲ. ಚೀಟಿ ಮ್ಯಾಲೆ ಬರಕೊಂಡ ಬಂದಿದ್ರು, ಐದು ಮಿಲಿಮೀಟರ್, ಕೆಳಗ ಗಟ್ಟಿ ಉಕ್ಕು ಅಂತ. ಅವರಿಗೆ ಭಾಳ ತಿಳೀತೈತ್ರಿ. ಅವರಪ್ಪ ಮೈಸೂರಾಗ ಕೋವಿ ರಿಪೇರಿ ಅಂಗಡಿ ಇಟ್ಟಿದ್ನಂತ."

ನನ್ನ ಪಕ್ಕದಲ್ಲಿ ಶಶಿಕಾಂತ್ ಕುರ್ಚಿಯಿಂದ ಎದ್ದು ನಿಂತ. ಕಾಲಿನ ಪೆಟ್ಟಿಗೆ ಮೇಜಿಗೆ ಬಡಿಯಿತು. ತನಗೆ ಅಂಥ ಫೋನ್ ಬಂದೇ ಇಲ್ಲ ಎಂದು ತಲೆಯಲ್ಲಾಡಿಸಿದ.

ನೋಡೋಕೂ ಭಯ ಎಂದಿದ್ದಳು ನನ್ನ ಮುಂದೆ. ಬಂದೂಕಿನ ಅಂಗಡಿಯಲ್ಲಿ ಬೆಳೆದವಳು, ಬಂದೂಕಿನ ಗೂಡು ಎಲ್ಲಿರುತ್ತದೆಂದು ಗೊತ್ತಿಲ್ಲದ ಒಬ್ಬ ಒಳ್ಳೆಯ ಕೆಲಸಗಾರನನ್ನು ಹುಡುಕಿ, ಅವನ ಕೈಯಿಂದಲೇ ಗಂಡನ ಸಾವನ್ನು ಅಳತೆ ಕೊಟ್ಟು ಮಾಡಿಸಿದ್ದಳು. ಮಗ ಅಪ್ಪನನ್ನು ಬಾಯಿಬಿಟ್ಟು ಕೇಳುವುದಿಲ್ಲ, ಅಪ್ಪನಿಗೆ ಯಾರೂ ಏನೂ ಹೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಅವಳೂ ನಮ್ಮವಳೇ ತಾನೆ.

ಆದರೆ ಚೀಟಿಯ ಮೇಲಿನ ಅಕ್ಷರ ಅವಳದು. ಅದೊಂದು ಸಿಕ್ಕರೆ ಸೋಮವಾರದ ಕಾಗದ ಹರಿದು ಹಾಕಬಹುದು.

"ಆ ಚೀಟಿ ಏನಾಯ್ತು?" ಎಂದೆ.

"ಅಳತಿ ಚೀಟಿ ಒಗಿಯೂ ರೂಢಿ ನಮಗಿಲ್ರಿ. ಕೆಲಸದ ಡೈರ್ಯಾಗ ಹಚ್ಚಿಟ್ಟೇನಿ. ಈಗರ ಅದನ್ನ ಹುಡುಕಾಕತ್ತಿದ್ದೆ, ನಿಮ್ಮ ಫೋನ್ ಬಂತು."

"ಈಗ ಯಾಕೆ ಹುಡುಕ್ತಿದ್ರಿ?"

"ಅವರ ಕೇಳಿದ್ರಲ್ರಿ. ಬಂದಾರಲ್ಲ, ಶ್ರೀಲತಾ ಬಾಯಾರು. ಪಾಪ, ಗಂಡಗ ಹಾರ್ಟ್ ಅಟ್ಯಾಕ್ ಆತಲ್ಲ, ಅಸ್ಥಿ ಬಿಟ್ಟು ಇತ್ತ ನಮ್ಮನ್ನ ಮಾತಾಡಿಸಿ ಹೋಗೂಣು ಅಂತ ಮುಂಜಾನೆ ಬಂದಾರ. ಆ ಚೀಟಿ ನೆನಪಿಗೆ ಬೇಕಂತ. ತಡೀರಿ, ಅವರ ಕೈಯಾಗ ಕೊಡ್ತೇನಿ, ಮಾತಾಡ್ರಿ. ನಾ ಡೈರಿ ನೋಡ್ತೇನಿ."

"ಬೇಡ, ಒಂದು ನಿಮಿಷ..." ಎನ್ನುವಷ್ಟರಲ್ಲಿ ತೆರೆ ತಿರುಗಿತು. ಸೂರು, ಕ್ಯಾಲೆಂಡರ್, ಒಂದು ಬಲ್ಬು. ನಾನು ಫೋನನ್ನು ಶಶಿಕಾಂತನ ಕೈಗೆ ತುರುಕಿ ಪಕ್ಕಕ್ಕೆ ಸರಿದೆ.

ಶ್ರೀಲತಾಳ ಮುಖ ಬಂತು. ತಲೆ ಬಾಚಿ, ತಿಳಿ ಬಣ್ಣದ ಸೀರೆಯುಟ್ಟು, ಕೈಯಲ್ಲಿ ಚಹಾ ಲೋಟ ಹಿಡಿದಿದ್ದಳು. ಇಷ್ಟು ಹೊತ್ತು ಮಾತಾಡಿದ್ದು ಯಾರೆಂದು ಅವಳು ಕೇಳಲೂ ಇಲ್ಲ.

"ಶಶಿ, ಹೇಗಿದೀಯಪ್ಪಾ?" ದನಿ ಮೆತ್ತಗಿತ್ತು. "ನಿಮ್ಮಪ್ಪಾಜಿ ಎಷ್ಟು ಒಳ್ಳೆಯವರು. ಬೇಡ ಬೇಡ ಅಂದ್ರೂ ಊಟ ಹಾಕಿಸಿದ್ರು. ನಿಮ್ಮಕ್ಕ ಧಾರವಾಡಕ್ಕೆ ಮದುವೆಗೆ ಹೋಗಿದಾರಂತೆ, ಮಂಗಳವಾರ ಬರೋದಂತೆ. ಒಬ್ಬರೇ ಇದಾರಲ್ಲ ಅಂತ ನಾನೇ ಉಳ್ಕೊಂಡೆ. ಬಿ.ಪಿ. ಮಾತ್ರೆ, ಶುಗರ್ ಮಾತ್ರೆ ಎಲ್ಲಾ ನಾನೇ ಕೊಡ್ತಿದೀನಿ."

ನಮ್ರತಾ ಬಾಯಿಗೆ ಸೆರಗಿನಂತೆ ಸ್ವೆಟರಿನ ತೋಳನ್ನು ಒತ್ತಿಕೊಂಡಿದ್ದಳು.

"ಅವರಿಗೆ ಏನೂ ಗೊತ್ತಿಲ್ಲ ಪಾಪ," ಎಂದಳು ಶ್ರೀಲತಾ, ಹಿಂದೆ ತಿರುಗಿ ನೋಡಿ, ದನಿ ಇಳಿಸಿ. "ನಾನೂ ಹೇಳಿಲ್ಲ. ಈ ವಯಸ್ಸಲ್ಲಿ ಅವೆಲ್ಲ ತಡೆಯೋದು ಕಷ್ಟ, ಅಲ್ವಾ?"

ಒಳಗಿನಿಂದ ಗುರುಶಾಂತಪ್ಪನವರ ಗೆಲುವಿನ ದನಿ ಬಂತು. "ಸಿಕ್ತ ನೋಡ್ರಿ ಬಾಯಾರ!"

ಅವಳು ಚಹಾ ಲೋಟ ಕೆಳಗಿಟ್ಟಳು.

"ಸೋಮವಾರ ಸೈನ್ ಮಾಡ್ತೀಯಲ್ಲಪ್ಪಾ? ಮಾಡಿದೆ ಅಂತ ಮೆಸೇಜ್ ಹಾಕು. ಅಲ್ಲಿವರೆಗೂ ನಾನು ಇವರ ಜೊತೇಲೇ ಇರ್ತೀನಿ."

ನಾನು ಬೇಡ, ಬೇಡ ಎಂದು ಕೈಯಾಡಿಸಿದೆ. ಶಶಿಕಾಂತ್ ನನ್ನ ಕಡೆ ನೋಡಲಿಲ್ಲ.

"ಮಾಡ್ತೀನಿ ಆಂಟಿ," ಎಂದ. "ಅಪ್ಪಾಜಿ ಕೈಗೆ ಫೋನ್ ಕೊಡಿ."

"ಮಲಗಲಿ ಬಿಡಪ್ಪಾ, ಮಾತ್ರೆ ಹೊತ್ತಾಯ್ತು," ಎಂದಳು ಶ್ರೀಲತಾ. ತೆರೆ ಆರಿತು.